ಪುಣೆ ಜಿಲ್ಲೆಯ ಮಣ್ಣು: ಮುಳಶಿ, ಪುರಂದರ, ಇಂದಾಪುರ ಈ ಮೂರರಲ್ಲಿ ಗುತ್ತಿಗೆಗೆ ಯಾವುದು ಹಿಡಿಯೋಣ?

ವಾಕಡ್ ಕೈತೋಟ:
ಎಲ್ಲರಿಗೂ ನಮಸ್ಕಾರ. ವಾಕಡ್‌ನಲ್ಲಿರುವ ನಾವು ಮೂರು ಕನ್ನಡದ ಮನೆಯವರು ಸೇರಿ ಒಂದು ಎಕರೆ ಹೊಲ ಗುತ್ತಿಗೆಗೆ ಹಿಡಿಯುವ ಯೋಚನೆಯಲ್ಲಿದ್ದೇವೆ. ಕರಾರು ಐದು ವರ್ಷಕ್ಕೆ. ಮನೆಗೆ ಬೇಕಾದ ತರಕಾರಿ, ಒಂದಿಷ್ಟು ಜೋಳ, ಶೇಂಗಾ, ಬದುವಿನ ಮೇಲೆ ನಾಲ್ಕು ಹಣ್ಣಿನ ಗಿಡ. ಇಷ್ಟೇ ಆಸೆ. ಜಿಲ್ಲೆಯಲ್ಲಿ ಮೂರು ಜಾಗ ನೋಡಿ ಬಂದಿದ್ದೇವೆ.

ಒಂದು ಮುಳಶಿ ಕಡೆ. ಗುಡ್ಡದ ಇಳಿಜಾರು, ಕೆಂಪು ಮಣ್ಣು, ಕೆಳಗೆ ಎರಡು ಭತ್ತದ ಗದ್ದೆ. ಇನ್ನೊಂದು ಪುರಂದರ ತಾಲೂಕಿನಲ್ಲಿ, ಸಾಸವಡದ ಆಚೆ. ಕಂದು ಮಣ್ಣು, ತುಂಬಾ ಕಲ್ಲು, ಪಕ್ಕದಲ್ಲಿ ಸೀತಾಫಲದ ತೋಟ. ಬಾವಿ ಇದೆ. ಮೂರನೆಯದು ಇಂದಾಪುರದ ಹತ್ತಿರ, ಕಾಲುವೆ ಪಕ್ಕದಲ್ಲೇ. ಕಪ್ಪು ಮಣ್ಣು, ಹುಡುಕಿದರೂ ಒಂದು ಕಲ್ಲಿಲ್ಲ, ಗುತ್ತಿಗೆ ದರವೂ ಕಡಿಮೆ. ನಮ್ಮಲ್ಲಿ ಇಬ್ಬರ ಮನಸ್ಸು ಈ ಕಪ್ಪು ಮಣ್ಣಿನ ಮೇಲಿದೆ. ನಾನು ಬೆಳೆದದ್ದು ಮೈಸೂರು ಕಡೆಯ ಕೆಂಪು ಮಣ್ಣಿನಲ್ಲಿ. ಇಲ್ಲಿಯ ಮಣ್ಣಿನ ಗುಣ ನನಗೆ ಹೊಸದು. ತಿಳಿದವರು ದಯವಿಟ್ಟು ಹೇಳಿ.

ಎರೆಹೊಲ:
ನಮ್ಮದು ವಿಜಯಪುರ ಜಿಲ್ಲೆ, ಡೋಣಿ ನದಿಯ ಸಾಲು. ಈಗ ಹಡಪಸರದಲ್ಲಿದ್ದೇನೆ. ಎರೆ, ಅಂದರೆ ಈ ಕಪ್ಪು ಮಣ್ಣು, ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಮಳೆಗಾಲದಲ್ಲಿ ಕುಡಿದ ನೀರಿನ ಮೇಲೆಯೇ ಹಿಂಗಾರಿ ಜೋಳ ತೆನೆ ಹಿಡಿಯುತ್ತದೆ. ಆದರೆ ಅದು ಜೋಳ, ಕಡಲೆ, ಕುಸುಬೆಯ ಮಾತು. ತರಕಾರಿ ಬೇಕು ಅಂದ್ರೆ ಎರೆ ಕಷ್ಟ ಕೊಡುತ್ತದೆ. ದೊಡ್ಡ ಮಳೆ ಬಿದ್ದ ಮೇಲೆ ಎಷ್ಟೋ ದಿನ ಹೊಲಕ್ಕೆ ಕಾಲಿಡಲು ಆಗಲ್ಲ. ಹದ ತಪ್ಪಿ ಉತ್ತರೆ ಹೆಂಟೆ ಏಳುತ್ತದೆ, ಅದನ್ನು ಒಡೆಯಲು ಮುಂದಿನ ಮಳೆಯೇ ಬರಬೇಕು. ಗಜ್ಜರಿ, ಮೂಲಂಗಿ ಸೊಟ್ಟಗಾಗುತ್ತವೆ. ನೀರು ನಿಂತರೆ ಟೊಮ್ಯಾಟೊ ಬೇರು ಕೊಳೆಯುತ್ತದೆ. ಶೇಂಗಾ ಕೀಳುವಾಗ ಎಷ್ಟೋ ಕಾಯಿ ನೆಲದಲ್ಲೇ ಉಳಿಯುತ್ತವೆ.

ಇನ್ನೊಂದು ಮಾತು ಕೇಳ್ರಿ. ಕಾಲುವೆ ಪಕ್ಕ, ಕಲ್ಲಿಲ್ಲದ ಕಪ್ಪು ಮಣ್ಣು. ಅಂಥ ಹೊಲದ ಗುತ್ತಿಗೆ ಅಗ್ಗ ಯಾಕೆ? ಮೊದಲು ಅದನ್ನು ವಿಚಾರಿಸಿ.

ಪಿರಂಗುಟ್ ಮನೆ:
ನಾನು ಉಡುಪಿ ಕಡೆಯವಳು, ಮುಳಶಿ ದಾರಿಯಲ್ಲೇ ನಮ್ಮ ಮನೆ. ಇಲ್ಲಿಯ ಕೆಂಪು ಮಣ್ಣು ನೋಡಿದರೆ ಊರು ನೆನಪಾಗುತ್ತದೆ. ಅರಿಶಿನ, ಶುಂಠಿ, ಕೆಸು, ಸುವರ್ಣಗಡ್ಡೆ ಚೆನ್ನಾಗಿ ಬರುತ್ತವೆ. ಭತ್ತ ಅಂತೂ ಇಲ್ಲಿಯದೇ ಬೆಳೆ. ಮುಳಶಿಯ ಅಂಬೆಮೋಹರ್ ಅಕ್ಕಿಯ ಪರಿಮಳ ಬಲ್ಲವರೇ ಬಲ್ಲರು. ಇಳಿಜಾರಿನಲ್ಲಿ ನಾಚಣಿ, ಅಂದರೆ ನಮ್ಮ ರಾಗಿ, ಬೆಳೆಯುತ್ತಾರೆ. ಮೈಸೂರಿನವರಿಗೆ ಅದಕ್ಕಿಂತ ಇನ್ನೇನು ಬೇಕು?

ಆದರೆ ಮಳೆಯ ರಭಸ ಲೆಕ್ಕದಲ್ಲಿರಲಿ. ಜುಲೈ, ಆಗಸ್ಟಿನಲ್ಲಿ ಮೆಣಸಿನಕಾಯಿ, ಬದನೆ ಬಯಲಲ್ಲಿ ಉಳಿಯುವುದು ಕಷ್ಟ. ಹಾಕಿದ ಗೊಬ್ಬರ ಹಳ್ಳಕ್ಕೆ ಹೋಗುತ್ತದೆ.

ನಿಗಡಿ ಗಿಡ:
ಒಂದು ಸಣ್ಣ ಪ್ರಶ್ನೆ. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಕೆಂಪು, ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕಪ್ಪು. ಇಷ್ಟು ಬೇರೆ ಬೇರೆ ಹೇಗೆ? ಕೆಳಗಿರುವ ಬಂಡೆ ಬೇರೆಯಾ?

ಮಣ್ಣಿನ ಕೆಲಸ:
ಬಂಡೆ ಒಂದೇ. ಇಡೀ ಜಿಲ್ಲೆಯ ಅಡಿಯಲ್ಲಿ ಇರುವುದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಕಲ್ಲು ಅದು. ವಿಜಯಪುರ, ಕಲಬುರಗಿಯ ಎರೆಯ ಕೆಳಗೂ ಇದೇ ಕಲ್ಲಿದೆ. ಬೇರೆಯಾಗಿದ್ದು ಎರಡು ವಿಷಯ: ಮಳೆ ಮತ್ತು ಇಳಿಜಾರು.

ಲೋಣಾವಳಾದಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಜಾಸ್ತಿ ಮಳೆ. ಪುಣೆ ಪೇಟೆಗೆ ಬಂದರೆ ಸುಮಾರು 700. ಬಾರಾಮತಿ, ಇಂದಾಪುರಕ್ಕೆ ಹೋದರೆ 500ರ ಆಸುಪಾಸು. ಪಶ್ಚಿಮದಲ್ಲಿ ಅಷ್ಟು ನೀರು ಹರಿದಾಗ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ತೊಳೆದು ಹೋಗುತ್ತವೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಅದಕ್ಕೇ ಅಲ್ಲಿ ಮಣ್ಣು ಕೆಂಪು, ಹುಳಿ ಗುಣದ್ದು. ಮಾಥೇರಾನ್, ಮಹಾಬಳೇಶ್ವರದ ನೆತ್ತಿಯ ಜಂಬಿಟ್ಟಿಗೆ ಹುಟ್ಟಿದ್ದೂ ಹೀಗೆಯೇ. ಪೂರ್ವದಲ್ಲಿ ಮಳೆ ಕಡಿಮೆ. ಸುಣ್ಣ ತೊಳೆದು ಹೋಗಲ್ಲ, ಅಲ್ಲೇ ಉಳಿದು ಕೆಳಪದರದಲ್ಲಿ ಬಿಳಿ ಹರಳಾಗಿ ಕೂರುತ್ತದೆ. ಅಲ್ಲಿಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಬಿರಿಯುವುದು ಅದಕ್ಕೆ. ಮೇಲಿನ ಮಣ್ಣು ಆ ಬಿರುಕಿನೊಳಗೆ ಬೀಳುತ್ತದೆ, ಮಳೆಗೆ ಮತ್ತೆ ಉಬ್ಬುತ್ತದೆ. ಹೀಗೆ ಎರೆ ತನ್ನನ್ನು ತಾನೇ ಉಳುತ್ತಾ ಇರುತ್ತದೆ.

ಇನ್ನು ಇಳಿಜಾರು. ಪೂರ್ವದ ತಾಲೂಕುಗಳಲ್ಲೂ ಎಲ್ಲ ಕಡೆ ಆಳದ ಎರೆ ಇಲ್ಲ. ಭೀಮಾ, ನೀರಾ ನದಿಗಳ ದಂಡೆ ಬಿಟ್ಟು ದಿಬ್ಬದ ಕಡೆ ನಡೆಯುತ್ತಾ ಹೋಗಿ. ಮಣ್ಣು ತೆಳ್ಳಗಾಗುತ್ತಾ ಹೋಗಿ ಕೊನೆಗೆ ಬರೀ ಮುರುಮು, ಅಂದರೆ ಸವೆದು ಸಡಿಲವಾದ ಕಲ್ಲು, ಸಿಗುತ್ತದೆ. ಸಾವಿರಾರು ವರ್ಷ ಮಳೆ ದಿಬ್ಬದಿಂದ ಕೊಚ್ಚಿ ತಂದ ಮಣ್ಣೇ ತಗ್ಗಿನಲ್ಲಿ ಕೂತಿದೆ.

ಆದ್ದರಿಂದ ಈ ಜಿಲ್ಲೆಯಲ್ಲಿ ಹೊಲ ನೋಡುವವರಿಗೆ ನಾನು ಹೇಳುವುದು ಒಂದೇ. ಬಣ್ಣ ನೋಡಿ ಒಪ್ಪಬೇಡಿ. ಆಳ ನೋಡಿ. ಕಲ್ಲು ಅಥವಾ ಮುರುಮು ಸಿಗುವವರೆಗೆ ಎಷ್ಟು ಮಣ್ಣಿದೆ, ಅದರ ಕೆಳಗೆ ನೀರು ಎಲ್ಲಿಗೆ ಹೋಗುತ್ತದೆ, ಇವೆರಡು ಗೊತ್ತಾದರೆ ಮುಕ್ಕಾಲು ವಿಷಯ ಗೊತ್ತಾದ ಹಾಗೆ. ಒಂದು ಮೀಟರ್ ಆಳದ ಎರೆ ಸುಮಾರು 150ರಿಂದ 200 ಮಿಲಿಮೀಟರ್ ನೀರನ್ನು ಬೆಳೆಗೆ ಇಟ್ಟುಕೊಡುತ್ತದೆ. ಒಂದು ಗೇಣು ಮಣ್ಣಿದ್ದರೆ ಅದೇ ಎರೆಯೂ ಎರಡು ವಾರದ ಬಿಸಿಲಿಗೆ ಕೈ ಚೆಲ್ಲುತ್ತದೆ.

ವಾಕಡ್ ಕೈತೋಟ:
ಬಹಳ ಉಪಕಾರ ಸರ್. ಆಳ ನೋಡುವುದು ಹೇಗೆ? ಯಂತ್ರ ತರಿಸಬೇಕಾ?

ಮಣ್ಣಿನ ಕೆಲಸ:
ಯಂತ್ರ ಬೇಡ. ಗುದ್ದಲಿ, ಹಾರೆ ಸಾಕು. ಮಾಲೀಕರನ್ನು ಕೇಳಿ, ಹೊಲದ ಮೇಲ್ಭಾಗದಲ್ಲಿ, ನಡುವೆ, ತಗ್ಗಿನಲ್ಲಿ ಒಂದೊಂದು ಗುಂಡಿ ತೆಗೆಸಿ. ಒಂದು ಮೀಟರ್ ಆಳ, ಅಥವಾ ಹಾರೆ ಠಣ್ ಅನ್ನುವವರೆಗೆ. ಗುಂಡಿ ತೆಗೆಯಲು ಒಪ್ಪದ ಮಾಲೀಕರ ಹೊಲ ಬಿಟ್ಟುಬಿಡಿ.

ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆದು ಸಾವಕಾಶವಾಗಿ ನೋಡಿ. ಬೇರು ಎಲ್ಲಿವರೆಗೆ ಇಳಿದಿದೆ? ಬೇರು ಒಮ್ಮೆಗೇ ಅಡ್ಡ ತಿರುಗಿದ್ದರೆ ಅಲ್ಲಿ ಗಟ್ಟಿ ಪದರವಿದೆ. ಬಿಳಿ ಹರಳು ಯಾವ ಆಳದಲ್ಲಿ ಶುರು? ಅದರ ಮೇಲೆ ಒಂದೆರಡು ಹನಿ ವಿನೆಗರ್ ಹಾಕಿ, ನೊರೆ ಬಂದರೆ ಸುಣ್ಣ. ಎರೆಯಲ್ಲಿ ಮೊಣಕಾಲುದ್ದ ಇಳಿದ ಮೇಲೆ ಹೆಂಟೆಯ ಮೈ ಹೊಳೆಯುತ್ತಿದ್ದರೆ ಅದು ಉಬ್ಬಿ ಕುಗ್ಗುವ ಅಪ್ಪಟ ಎರೆ. ಮುರುಮು ಸಿಕ್ಕರೆ ಒಂದು ತುಂಡು ಕೈಗೆ ತೆಗೆದುಕೊಳ್ಳಿ. ಹುರಿದ ಶೇಂಗಾದ ಹಾಗೆ ಬೆರಳಲ್ಲಿ ಪುಡಿಯಾದರೆ ಹಣ್ಣಿನ ಗಿಡದ ಬೇರು ಅದರೊಳಗೆ ಇಳಿಯುತ್ತದೆ, ನೀರೂ ಬಸಿಯುತ್ತದೆ. ಪುಡಿಯಾಗದಿದ್ದರೆ ಅದು ಬಂಡೆಯೇ. ಕೊನೆಗೆ ಗುಂಡಿಗೆ ನಾಲ್ಕು ಕೊಡ ನೀರು ಸುರಿದು ಬನ್ನಿ. ಮರುದಿನವೂ ನೀರು ಹಾಗೇ ನಿಂತಿದ್ದರೆ ತರಕಾರಿಗೆ ಆ ಜಾಗ ಬೇಡ.

ಮಣ್ಣಿನ ಪರೀಕ್ಷೆಗೆ ಬೇರೆ ಮಾದರಿ ತೆಗೆಯಬೇಕು. ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತಾ ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳಕ್ಕೆ ಓರೆಯಾಗಿ ಅಗೆದು, ಗೋಡೆಯಿಂದ ಮಣ್ಣು ಕೆರೆದು ಬಕೆಟ್ಟಿಗೆ ಹಾಕಿ. ತಿಪ್ಪೆ ಇದ್ದ ಜಾಗ, ಬದುವಿನ ಬುಡ, ಮರದ ನೆರಳು ಬಿಡಿ. ಎಲ್ಲ ಕಲಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕೊಡಿ. ಯೂರಿಯಾ ಚೀಲ ಮಾತ್ರ ಬೇಡ. ಬಾರಾಮತಿ, ನಾರಾಯಣಗಾವ್ ಎರಡೂ ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲಿ ಪರೀಕ್ಷೆ ಮಾಡುತ್ತಾರೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಇರುತ್ತವೆ. ಮಾಲೀಕರ ಹತ್ತಿರ ಹಳೆಯ ಕಾರ್ಡ್ ಇದ್ದರೆ ಕೇಳಿ ನೋಡಿ.

ಸಾಸವಡ ರಸ್ತೆ:
ಜೊತೆಗೆ ಸಾತಬಾರಾ ಉತಾರವನ್ನೂ, ಅಂದರೆ ಇಲ್ಲಿಯ ಪಹಣಿಯನ್ನೂ, ನೋಡಿ. ಅದರಲ್ಲಿ ಪೋಟಖರಾಬಾ ಅಂತ ಎಷ್ಟು ಗುಂಟೆ ಬರೆದಿದೆ ನೋಡಿ. ಅದು ಸಾಗುವಳಿಗೆ ಬಾರದ ನೆಲ. ಎಕರೆ ಅಂತ ದುಡ್ಡು ಕೊಟ್ಟು 30 ಗುಂಟೆ ಉಳುವ ಹಾಗೆ ಆಗಬಾರದು ಅಲ್ವಾ?

ಇಂದಾಪುರದ ಸೊಸೆ:
ನನ್ನ ತವರು ಅಥಣಿ, ಗಂಡನ ಮನೆ ಇಂದಾಪುರ ತಾಲೂಕು. ಎರೆಹೊಲ ಅಣ್ಣಾವ್ರು ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಕಾಲುವೆ ಪಕ್ಕದ ಕಪ್ಪು ಮಣ್ಣು ಅಗ್ಗಕ್ಕೆ ಸಿಕ್ಕರೆ ಬಹುಮಟ್ಟಿಗೆ ಅದು ಸವಳು ಹಿಡಿದ ಹೊಲ.

ನೀರಾ ಎಡದಂಡೆ ಕಾಲುವೆ ಬ್ರಿಟಿಷರ ಕಾಲದ್ದು. ಕಾಲುವೆ ಬಂದ ಮೇಲೆ ಈ ಕಡೆ ಕಬ್ಬು ಬಂತು, ಬದುಕು ಬಂತು. ಅದನ್ನು ಮರೆಯಲ್ಲ. ಆದರೆ ಆಳದ ಎರೆಗೆ ವರ್ಷಪೂರ್ತಿ ನೀರು ಬಿಟ್ಟರೆ ಆ ನೀರು ಎಲ್ಲಿಗೆ ಹೋಗಬೇಕು? ಕೆಳಗೆ ಬಸಿಯಲ್ಲ. ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಬೆಳಗ್ಗೆ ಬೇಗ ಹೋಗಿ ನೋಡಿ, ಸಾಲಿನ ಏರಿ ಬೆಳ್ಳಗೆ ಇರುತ್ತದೆ. ಮೊದಲು ಕಬ್ಬು ಇಳಿಮುಖ ಆಗುತ್ತದೆ. ಆಮೇಲೆ ಬಿತ್ತಿದ ಬೀಜವೇ ಸರಿಯಾಗಿ ಹುಟ್ಟಲ್ಲ. ಇನ್ನೂ ಕೆಟ್ಟದ್ದು ಚೋಪಣ. ಅದರಲ್ಲಿ ಬಿಳಿ ಕಾಣಲ್ಲ. ಮಣ್ಣು ಒದ್ದೆಯಿದ್ದಾಗ ಸೋಪಿನ ಹಾಗೆ ಜಾರುತ್ತದೆ, ಒಣಗಿದರೆ ಗುದ್ದಲಿ ಇಳಿಯಲ್ಲ.

ಎಲ್ಲ ಹೊಲವೂ ಹೀಗಿಲ್ಲ. ನಮ್ಮ ಮನೆಯವರು ಹೊಲದ ಸುತ್ತ ಬಸಿಗಾಲುವೆ ತೆಗೆದು, ಕಬ್ಬಿಗೂ ಹನಿ ನೀರಾವರಿ ಮಾಡಿಕೊಂಡಿದ್ದಾರೆ. ಮಣ್ಣು ಚೆನ್ನಾಗಿದೆ. ಹಾಗಾಗಿ ಇಂದಾಪುರ ಅಂದ ಕೂಡಲೇ ಬೇಡ ಅನ್ನಬೇಡಿ. ಆ ಹೊಲ ಯಾವ ಸ್ಥಿತಿಯಲ್ಲಿದೆ ನೋಡಿ.

ಮಂಡ್ಯದ ಚಿಂಚವಡ:
ಸವಳಾದರೆ ಜಿಪ್ಸಂ ಹಾಕಿದರೆ ಸರಿಹೋಗುತ್ತದೆ ಅಲ್ವಾ? ನಮ್ಮ ಕಡೆ ಹಾಕುತ್ತಾರೆ. ಅಗ್ಗದ ಹೊಲ ಹಿಡಿದು ಜಿಪ್ಸಂ ಹಾಕಿದರೂ ಲಾಭವೇ ಆಗಬಹುದು.

ಮಣ್ಣಿನ ಕೆಲಸ:
ಬರೀ ಉಪ್ಪು ಜಾಸ್ತಿಯಾದ ಮಣ್ಣಿಗೆ ಜಿಪ್ಸಂ ಮದ್ದಲ್ಲ. ಅದಕ್ಕೆ ಒಳ್ಳೆಯ ನೀರು ಕೊಟ್ಟು ಉಪ್ಪನ್ನು ಕೆಳಗೆ ತೊಳೆಯಬೇಕು, ಆ ನೀರು ಹೊಲದಿಂದ ಹೊರಗೆ ಹೋಗಬೇಕು. ಜಿಪ್ಸಂ ಬೇಕಾಗುವುದು ಸೋಡಿಯಂ ಕೂತ ಚೋಪಣ ಮಣ್ಣಿಗೆ. ಜಿಪ್ಸಂನಲ್ಲಿರುವ ಸುಣ್ಣದಂಶ (ಕ್ಯಾಲ್ಸಿಯಂ) ಸೋಡಿಯಂ ಅನ್ನು ಜೇಡಿಯಿಂದ ಬಿಡಿಸುತ್ತದೆ. ಬಿಡಿಸಿದ ಸೋಡಿಯಂ ಕೂಡ ಬಸಿದೇ ಹೋಗಬೇಕಲ್ಲ? ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಿದರೆ ದುಡ್ಡು ದಂಡ. ಮಣ್ಣಿನಲ್ಲೇ ಸುಣ್ಣದ ಹರಳು ಇದ್ದರೆ ಗಂಧಕ ಹಾಕಿಯೂ ಅದೇ ಕೆಲಸ ಮಾಡಿಸಬಹುದು, ಸ್ವಲ್ಪ ನಿಧಾನ. ಇನ್ನೊಂದು ತೊಡಕು, ಬಸಿಗಾಲುವೆಯನ್ನು ಒಬ್ಬರೇ ಮಾಡಲು ಆಗಲ್ಲ. ಕೆಳಗಿನ ಹೊಲದವರು ನೀರಿಗೆ ದಾರಿ ಬಿಡಬೇಕು. ಐದು ವರ್ಷದ ಗುತ್ತಿಗೆದಾರರಿಗೆ ಅದು ಆಗುವ ಕೆಲಸವಲ್ಲ.

ಪಿಂಪಳೆ ತಾರಸಿ:
ಹೊಲದ ಮಾತಿನ ನಡುವೆ ಕುಂಡದವಳದ್ದೂ ಒಂದು ಮಾತು. ನಾನು ಪಿಂಪಳೆ ಸೌದಾಗರ್‌ನಲ್ಲಿದ್ದೇನೆ. ಪುಣೆ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಹೆರಾಲ್ಡ್ ಮನ್ ಇದೇ ಹಳ್ಳಿಯ ಹೊಲ, ಹಿಡುವಳಿ, ಸಾಲ ಎಲ್ಲ ಲೆಕ್ಕ ಹಾಕಿ 1917ರಲ್ಲಿ ಪ್ರಕಟಿಸಿದ್ದರು. ಇಂದು ಆ ಜಾಗದಲ್ಲಿ ಮುಗಿಲೆತ್ತರದ ಕಟ್ಟಡಗಳು. ಸೊಸೈಟಿಯ ಹೂದೋಟಕ್ಕೆ ಬಿಲ್ಡರ್ ತುಂಬಿಸಿದ್ದು ಮುರುಮು. ಅದರಲ್ಲಿ ಮಲ್ಲಿಗೆ ಬಾಡುತ್ತದೆ, ದಾಸವಾಳದ ಹೊಸ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಏನು ಮಾಡಲಿ?

ಮಣ್ಣಿನ ಕೆಲಸ:
ಅದು ಕಬ್ಬಿಣದ ಕೊರತೆ ಅಕ್ಕ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಸುಣ್ಣ ಜಾಸ್ತಿಯಾದ್ದರಿಂದ ಬೇರಿಗೆ ಸಿಗುತ್ತಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಹಾಕುತ್ತಿದ್ದರೆ ಇನ್ನೂ ಜಾಸ್ತಿಯಾಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಒಂದು ಚಿಟಿಕೆ ಸಿಟ್ರಿಕ್ ಆಸಿಡ್ ಹಾಕಿ ಸಂಜೆ ಎಲೆಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಮಳೆ ನೀರು ಹಿಡಿದಿಡಲು ಆದರೆ ಕುಂಡಕ್ಕೆ ಅದೇ ಒಳ್ಳೆಯದು.

ಕುಂಡಕ್ಕೆ ಬರೀ ಕಪ್ಪು ಮಣ್ಣು ತುಂಬಬೇಡಿ. ಒಣಗಿದಾಗ ಕುಂಡದ ಗೋಡೆ ಬಿಟ್ಟು ನಿಲ್ಲುತ್ತದೆ, ನೀರು ಅಂಚಿನಿಂದಲೇ ಜಾರಿಹೋಗುತ್ತದೆ. ಮಣ್ಣು ಮಾರುವವರ ಹತ್ತಿರ ಪೊಯಟಾ ಕೇಳಿ, ಅದು ನದಿ ದಂಡೆಯ ಹಗುರ ಮೆಕ್ಕಲು ಮಣ್ಣು. ಅದರ ಎರಡು ಪಾಲಿಗೆ ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಸಾಕು.

ಸಾಸವಡ ರಸ್ತೆ:
ಪುರಂದರದ ಪರವಾಗಿ ಯಾರೂ ಮಾತಾಡಲಿಲ್ಲ, ನಾನು ಮಾತಾಡುತ್ತೇನೆ. ಕಲ್ಲು ನೋಡಿ ಹೆದರಬೇಡಿ. ಈ ತಾಲೂಕಿನ ಅಂಜೂರಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಸೀತಾಫಲಕ್ಕೆ ಸಾಸವಡದ ಪೇಟೆ ಹೆಸರುವಾಸಿ. ಇವೆರಡಕ್ಕೂ ಬೇಕಾದದ್ದು ನೀರು ನಿಲ್ಲದ ನೆಲ, ಕೆಳಗೆ ಮೆತ್ತನೆಯ ಮುರುಮು. ಆಳದ ಎರೆಯಲ್ಲಿ ಅಂಜೂರ ಬರೀ ಸೊಪ್ಪಾಗಿ ಬೆಳೆಯುತ್ತದೆ. ಬಟಾಣಿ, ಈರುಳ್ಳಿ, ಶೇಂಗಾ, ಹೂವು ಎಲ್ಲ ಇಲ್ಲಿ ಆಗುತ್ತವೆ. ಕೊರತೆ ಇರುವುದು ನೀರಿನದು. ಆ ಬಾವಿಯಲ್ಲಿ ಏಪ್ರಿಲ್‌ನಲ್ಲಿ ಎಷ್ಟು ನೀರಿರುತ್ತದೆ ಅಂತ ಅಕ್ಕಪಕ್ಕದವರನ್ನು ಕೇಳಿ.

ಮಣ್ಣು ತೆಳುವಾಗಿದ್ದರೆ ಕೆರೆಯ ಹೂಳು ಹಾಕಿಸಬಹುದು. 2017ರಿಂದ ಸರ್ಕಾರದ್ದೇ ಯೋಜನೆ ಇದೆ, ಕೆರೆಯ ಹೂಳು ತೆಗೆದು ಹೊಲಕ್ಕೆ ಹಾಕುವುದು. ಆದರೆ ಆಗಲೇ ಜಿಗುಟಾದ ಎರೆ ಹೊಲಕ್ಕೆ ಹೂಳು ಹಾಕಬೇಡಿ. ಹೂಳಿನಲ್ಲಿ ಉಪ್ಪು ಇದೆಯಾ ಅಂತಲೂ ಪರೀಕ್ಷೆ ಮಾಡಿಸಿ.

ಪಿರಂಗುಟ್ ಮನೆ:
ಐದು ವರ್ಷದ ಕರಾರಿಗೆ ಹಣ್ಣಿನ ಗಿಡ ಬೇಕಾ? ಸೀತಾಫಲ ಫಲ ಕೊಡಲು ಮೂರ್ನಾಲ್ಕು ವರ್ಷ ಬೇಕು. ಪಪ್ಪಾಯಿ, ನುಗ್ಗೆ, ಬಾಳೆ ಆದರೆ ನಿಮ್ಮ ಕೈಗೇ ಸಿಗುತ್ತವೆ.

ವಾಕಡ್ ಕೈತೋಟ:
ಮೂರೂ ಕಡೆ ಗುಂಡಿ ತೆಗೆಸಿದೆವು. ಮಾಲೀಕರೆಲ್ಲ ಒಪ್ಪಿದರು. ವರದಿಯೂ ಬಂದಿದೆ. ಅದರಲ್ಲಿ ಪಿಎಚ್ ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, ಇಸಿ ಅಂದರೆ ಉಪ್ಪಿನ ಅಳತೆ, ಇಂಗಾಲ ಶೇಕಡಾ ಲೆಕ್ಕದಲ್ಲಿ.

ಮುಳಶಿ: ಮೇಲಿನ ಇಳಿಜಾರಿನಲ್ಲಿ ಒಂದು ಗೇಣು ಮಣ್ಣು, ಕೆಳಗೆ ಬಂಡೆ. ಗದ್ದೆಯಲ್ಲಿ 60 ಸೆಂಟಿಮೀಟರ್. ಪಿಎಚ್ 5.7, ಇಸಿ 0.1, ಸಾವಯವ ಇಂಗಾಲ 1.1.
ಪುರಂದರ: 40ರಿಂದ 55 ಸೆಂಟಿಮೀಟರ್ ಮಣ್ಣು, ಕೆಳಗಿನ ಮುರುಮು ಬೆರಳಲ್ಲಿ ಪುಡಿಯಾಗುತ್ತದೆ. ವಿನೆಗರಿಗೆ ನೊರೆ ಬಂತು. ಪಿಎಚ್ 8.0, ಇಸಿ 0.3, ಇಂಗಾಲ 0.42. ಸುರಿದ ನೀರು ಸಂಜೆಯೊಳಗೆ ಇಂಗಿತ್ತು.
ಇಂದಾಪುರ: ಒಂದು ಮೀಟರಿಗೂ ಮಣ್ಣೇ. ಆದರೆ ತಗ್ಗಿನ ಗುಂಡಿಯಲ್ಲಿ ನೀರು ತಾನಾಗಿಯೇ ಒಸರಿತು. ಪಿಎಚ್ 8.9, ಇಸಿ 2.3, ಇಂಗಾಲ 0.48.

ಮಣ್ಣಿನ ಕೆಲಸ:
ಇಂದಾಪುರದ ಈ ಹೊಲ ಬಿಡಿ. ಕಾರ್ಡಿನ ಲೆಕ್ಕದಲ್ಲಿ ಇಸಿ 1ರೊಳಗೆ ಇದ್ದರೆ ಚಿಂತೆಯಿಲ್ಲ. 2 ದಾಟಿದರೆ ತರಕಾರಿಗೆ ಕಷ್ಟ. ಪಿಎಚ್ ಕೂಡ 8.5 ಮೀರಿದೆ. ಉಪ್ಪು, ಚೋಪಣ, ಎರಡು ರೋಗ ಒಟ್ಟಿಗೆ ಇವೆ. ನೀರು ಒಸರುತ್ತಿರುವುದು ಅವೆರಡರ ಮೂಲ.

ಮುಳಶಿಯ ಇಂಗಾಲ ನೋಡಿ ಸಂತೋಷವಾಯಿತು. 0.75 ದಾಟಿದರೇ ಒಳ್ಳೆಯದು ಅನ್ನುತ್ತೇವೆ, ಅಲ್ಲಿ 1.1 ಇದೆ. ಮಣ್ಣು ಹುಳಿ, ಸ್ವಲ್ಪ ಸುಣ್ಣ ಬೇಕು. ರಂಜಕ ಕಬ್ಬಿಣದ ಜೊತೆ ಕಟ್ಟಿಕೊಂಡು ಕೂರುತ್ತದೆ, ಹಾಗಾಗಿ ಗೊಬ್ಬರವನ್ನು ಎರಚದೆ ಬುಡಕ್ಕೆ ಕೊಡಬೇಕು. ನಿಮ್ಮ ಮೊದಲ ಆಸೆ ಭತ್ತ, ರಾಗಿ ಆಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ಉಳುವಷ್ಟು ಮಣ್ಣಿರುವುದು ಆ ಎರಡು ಗದ್ದೆಯಲ್ಲಿ ಮಾತ್ರ.

ತರಕಾರಿ, ಶೇಂಗಾ, ಜೋಳ ಮೂರೂ ಬೇಕಾದರೆ ಪುರಂದರವೇ ಸರಿ. ಅಲ್ಲಿ ಎರಡು ಕೊರತೆ. ಇಂಗಾಲ 0.5ಕ್ಕಿಂತ ಕಡಿಮೆ. ಸುಣ್ಣದಿಂದ ಕಬ್ಬಿಣ, ಸತು ಸಿಗುವುದು ಕಷ್ಟ, ಶೇಂಗಾ ಎಲೆ ಹಳದಿಯಾದರೆ ಗಾಬರಿ ಬೇಡ, ಮೇಲೆ ಅಕ್ಕನಿಗೆ ಹೇಳಿದ ಸಿಂಪಡಣೆಯೇ ಮದ್ದು. ಇಂಗಾಲಕ್ಕೆ ಕೊಟ್ಟಿಗೆ ಗೊಬ್ಬರ ಎಕರೆಗೆ ನಾಲ್ಕೈದು ಟನ್. ಅಷ್ಟು ಸಿಗದಿದ್ದರೆ ಜೂನ್ ಮಳೆಗೆ ಅರ್ಧ ಹೊಲಕ್ಕೆ ಹಸಿರೆಲೆ ಗೊಬ್ಬರದ ಸೆಣಬು ಬಿತ್ತಿ. ಎಕರೆಗೆ 15ರಿಂದ 20 ಕೆಜಿ ಲೆಕ್ಕದಲ್ಲಿ ಬೀಜ ಹಾಕಿ. ಹೂವು ಕಾಣುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ. ಆ ಅರ್ಧದಲ್ಲೇ ಹಿಂಗಾರಿ ಜೋಳ ಬಿತ್ತಬಹುದು. ಇನ್ನರ್ಧ ಶೇಂಗಾ.

ಎರೆಹೊಲ:
ಜೋಳಕ್ಕೆ ಮಾಲದಂಡಿಯನ್ನೇ ಹಾಕಿಸಿ ಸರ್. ಅದರ ರೊಟ್ಟಿಗೆ ಸಮ ಇಲ್ಲ.

ಮಣ್ಣಿನ ಕೆಲಸ:
ಹಾಕಬಹುದು, ಮಣ್ಣು 55 ಇರುವ ಕಡೆ. ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠದವರು ಹಿಂಗಾರಿ ಜೋಳದ ತಳಿಯನ್ನೂ ಆಳ ನೋಡಿಯೇ ಹೇಳುತ್ತಾರೆ. ತೆಳು ಮಣ್ಣಿಗೆ ಫುಲೆ ಅನುರಾಧಾ, ಫುಲೆ ಮಾವುಲಿ. ಮಧ್ಯಮಕ್ಕೆ ಫುಲೆ ಸುಚಿತ್ರಾ, ಮಾಲದಂಡಿ. ಆಳದ ಎರೆಗೆ ಫುಲೆ ವಸುಧಾ, ಫುಲೆ ಯಶೋದಾ. ನಿಮ್ಮ ಹೊಲದ ಮೇಲ್ಭಾಗದಲ್ಲಿ 40 ಸೆಂಟಿಮೀಟರ್ ಇದೆ, ಅಲ್ಲಿ ಮಾವುಲಿ ಬಿತ್ತಿ. ಕೆಳಗೆ ಮಾಲದಂಡಿ ಬಿತ್ತಿ. ಸೆಪ್ಟೆಂಬರ್ ಕೊನೆಯ ಹದ ತಪ್ಪಿಸಿಕೊಳ್ಳಬೇಡಿ.

ವಾಕಡ್ ಕೈತೋಟ:
ಹಾಗೇ ಮಾಡುತ್ತೇವೆ ಸರ್. ಬಾವಿಯ ವಿಷಯ ಪಕ್ಕದ ತೋಟದವರನ್ನು ಕೇಳಿದೆವು. ಏಪ್ರಿಲ್‌ನಲ್ಲೂ ದಿನಕ್ಕೆ ಒಂದು ತಾಸು ಮೋಟಾರ್ ಓಡುತ್ತದಂತೆ. ಹನಿ ನೀರಾವರಿಗೆ ಅಷ್ಟು ಸಾಕು ಅಂದಿದ್ದಾರೆ. ಮುಂದಿನ ವಾರ ಪುರಂದರದ ಕರಾರು ಬರೆಸುತ್ತಿದ್ದೇವೆ. ಸೆಣಬಿನ ಬೀಜ ಸಾಸವಡದಲ್ಲೇ ಸಿಗುತ್ತದಾ?

ಸಾಸವಡ ರಸ್ತೆ:
ಸಿಗುತ್ತದೆ. ಪೇಟೆಯ ಬೀಜದ ಅಂಗಡಿಯಲ್ಲಿ ತಾಗ ಅಂತ ಕೇಳಿ. ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ, ಮಳೆ ಶುರುವಾದ ಮೇಲೆ ಮುಗಿದುಹೋಗುತ್ತದೆ.